ಎತ್ತರಿಸಿದ ವಾಹನಗಳಲ್ಲಿ ಸ್ಥಿತಿಸ್ಥಾಪಕ ಗುಣ: ಸ್ಪ್ರಿಂಗಿನ ಪೆಡಸು ಮತ್ತು ಯಾನಸುಖ

೧. ವಿಷಯೋದ್ದೇಶ

ವೈಶೇಷಿಕ ದರ್ಶನದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬಾಗಿಸಲ್ಪಟ್ಟ ಅಥವಾ ಎಳೆಯಲ್ಪಟ್ಟ ವಸ್ತುವನ್ನು ಪುನಃ ಮೊದಲಿನ ಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕವು. ಪ್ರಶಸ್ತಪಾದರು ಇದರ ಕಾರ್ಯವನ್ನು ಬಿಲ್ಲು, ಕೊಂಬೆ, ಕೊಂಬು, ದಂತ, ನೂಲು, ಬಟ್ಟೆ ಮೊದಲಾದವುಗಳಲ್ಲಿ ತೋರಿಸಿರುವರು. ಈಚಿನ ಭೌತವಿಜ್ಞಾನದ ಕನ್ನಡ ಪುಸ್ತಕಗಳು ಇದೇ ಶಬ್ದವನ್ನು ಉಳಿಸಿಕೊಂಡು 'ಸ್ಥಿತಿಸ್ಥಾಪಕತೆ' ಎನ್ನುತ್ತಿರುವುದು ಉಚಿತವಾಗಿಯೇ ಇದೆ. ಆಂಗ್ಲ ವಿಜ್ಞಾನಿಯಾದ ರಾಬರ್ಟ್ ಹುಕ್ ಎಂಬಾತನು ಹಿಗ್ಗುವಿಕೆಯು ಬಲಕ್ಕೆ ಅನುಪಾತವಾಗಿರುವುದೆಂಬ ನಿಯಮವನ್ನು ೧೬೭೬ರಲ್ಲಿ ಅಕ್ಷರಗಳನ್ನು ಕದಡಿ ಗೂಢಲಿಪಿಯಂತೆ ಪ್ರಕಟಿಸಿ, ೧೬೭೮ರಲ್ಲಿ ಅದನ್ನು ಬಿಡಿಸಿ ಹೇಳಿದನು. ಆ ಎರಡನೆಯ ಗ್ರಂಥದ ಲ್ಯಾಟಿನ್ ಹೆಸರಿಗೆ 'ಪುನಃಸ್ಥಾಪಕ ಶಕ್ತಿಯನ್ನು ಕುರಿತು' ಎಂದೇ ಅರ್ಥವು.

ಈ ಗುಣವು ಜನರ ದೇಹಕ್ಕೆ ಪ್ರತಿದಿನವೂ ಅನುಭವಕ್ಕೆ ಬರುವ ಸ್ಥಾನವೆಂದರೆ ಮೋಟಾರು ವಾಹನದ ಸ್ಪ್ರಿಂಗು. ಕಾಡುದಾರಿ, ಕಲ್ಲುದಾರಿ, ಹೊಳೆಯ ಪಾತ್ರಗಳಲ್ಲಿ ಸಂಚರಿಸುವುದಕ್ಕಾಗಿ ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ವಾಹನಗಳನ್ನು ಅನೇಕರು ಮೂಲಸ್ಥಿತಿಗಿಂತ ಎತ್ತರಿಸಿಕೊಳ್ಳುತ್ತಾರೆ. ಹೀಗೆ ಎತ್ತರಿಸಿದ ವಾಹನಕ್ಕೆ 'ಗಟ್ಟಿ ಸ್ಪ್ರಿಂಗು' ಬೇಕೆಂಬ ಮಾತು ಬಳಕೆಯಲ್ಲಿದೆ. ಈ ಮಾತನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ವಿಷಯವು. ಬೆನ್ನುಮೂಳೆಯ ಕ್ಷೇಮ, ಚಕ್ರವು ನೆಲವನ್ನು ಹಿಡಿಯುವ ಶಕ್ತಿ, ವಾಹನವು ಮಗುಚದೆ ನಿಲ್ಲುವಿಕೆ, ಈ ಮೂರೂ ಆ ಮಾತಿನ ಸತ್ಯಾಸತ್ಯವನ್ನು ಅವಲಂಬಿಸಿರುವುದರಿಂದ ವಿಚಾರವು ಕೇವಲ ಶಬ್ದಚರ್ಚೆಯಲ್ಲ.

೨. ಶಬ್ದಶುದ್ಧಿ

'ಗಟ್ಟಿ' ಎಂಬ ಕನ್ನಡ ಶಬ್ದವು ಎರಡು ಅರ್ಥಗಳನ್ನು ಕೊಡುತ್ತದೆ. ಸುಲಭವಾಗಿ ಮುರಿಯದಿರುವುದು ಒಂದು. ಸುಲಭವಾಗಿ ಬಾಗದಿರುವುದು ಮತ್ತೊಂದು. ಮೊದಲನೆಯದನ್ನು ದಾರ್ಢ್ಯವೆಂದೂ ಎರಡನೆಯದನ್ನು ಪೆಡಸು ಎಂದೂ ಬೇರ್ಪಡಿಸಿದರೆ ಗೊಂದಲವು ತಪ್ಪುತ್ತದೆ. ಒಳ್ಳೆಯ ಉಕ್ಕಿನ ಉದ್ದನೆಯ ಸ್ಪ್ರಿಂಗು ಬಹಳ ದೃಢವಾಗಿಯೂ ಮೃದುವಾಗಿಯೂ ಇರಬಹುದು. ಗಾಜಿನ ಸಲಾಕೆಯು ಪೆಡಸಾಗಿದ್ದೂ ದೃಢವಾಗಿರುವುದಿಲ್ಲ.

ಸ್ಪ್ರಿಂಗನ್ನು ಒಂದು ಮಿಲಿಮೀಟರಿನಷ್ಟು ಅದುಮುವುದಕ್ಕೆ ಎಷ್ಟು ನ್ಯೂಟನ್ ಬಲವು ಬೇಕೋ ಅದೇ ಅದರ ಪೆಡಸಿನ ಮಾನವು. ಸುರುಳಿ ಸ್ಪ್ರಿಂಗಿನಲ್ಲಿ ಈ ಮಾನವು ತಂತಿಯ ವ್ಯಾಸದ ಚತುರ್ಘಾತಕ್ಕೆ ಅನುಲೋಮವಾಗಿಯೂ, ಸುರುಳಿಯ ವ್ಯಾಸದ ಘನಕ್ಕೂ ಸುತ್ತುಗಳ ಸಂಖ್ಯೆಗೂ ವಿಲೋಮವಾಗಿಯೂ ಇರುತ್ತದೆ. ಆದಕಾರಣ ತಂತಿಯ ವ್ಯಾಸವು ೧೪ ಮಿಲಿಮೀಟರಿನಿಂದ ೧೫ಕ್ಕೆ ಏರಿದ ಮಾತ್ರಕ್ಕೆ ಪೆಡಸು ನೂರಕ್ಕೆ ೩೨ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದ ಭೇದವು ದೇಹಕ್ಕೆ ಚೆನ್ನಾಗಿ ತಿಳಿಯುವುದು ಹೀಗೆ.

೩. ಯಾನಸುಖದ ಲಕ್ಷಣ

ಸ್ಪ್ರಿಂಗಿನ ಮೇಲೆ ನಿಂತ ಭಾರವನ್ನು ಒಮ್ಮೆ ಅದುಮಿ ಬಿಟ್ಟರೆ ಅದು ತನ್ನದೇ ಆದ ಲಯದಲ್ಲಿ ಮೇಲೆ ಕೆಳಗೆ ಆಡುವುದು. ಸೆಕೆಂಡಿಗೆ ಎಷ್ಟು ಬಾರಿ ಆಡುವುದೋ ಅದು ಅದರ ಸ್ವಾಭಾವಿಕ ಆವೃತ್ತಿ. ಪೆಡಸು ಹೆಚ್ಚಿದರೆ ಲಯವು ತ್ವರಿತವಾಗುವುದು. ಭಾರವು ಹೆಚ್ಚಿದರೆ ವಿಳಂಬವಾಗುವುದು. ಒಂದು ಸುಲಭ ಸೂತ್ರವುಂಟು: ವಾಹನದ ಭಾರದಿಂದ ಸ್ಪ್ರಿಂಗು ಎಷ್ಟು ಮಿಲಿಮೀಟರು ಇಳಿಯುವುದೋ ಅದರ ವರ್ಗಮೂಲದಿಂದ ೧೫.೮ನ್ನು ಭಾಗಿಸಿದರೆ ಬರುವ ಸಂಖ್ಯೆಯೇ ಆವೃತ್ತಿಯು.

ಸಾಮಾನ್ಯ ಕಾರುಗಳಲ್ಲಿ ಈ ಆವೃತ್ತಿಯನ್ನು ಸುಮಾರು ೧ರಿಂದ ೧.೫ರ ಒಳಗೆ ಇಡುತ್ತಾರೆ. ಇದಕ್ಕೆ ಕಾರಣವು ಮನುಷ್ಯದೇಹದಲ್ಲಿಯೇ ಇದೆ. ಲಂಬವಾದ ಕಂಪನಗಳಲ್ಲಿ ಸೆಕೆಂಡಿಗೆ ೪ರಿಂದ ೮ ಬಾರಿ ಆಡುವವು ಕುಳಿತ ದೇಹಕ್ಕೆ ಅತ್ಯಂತ ಅಸಹ್ಯವಾಗಿರುತ್ತವೆ; ೦.೧ರಿಂದ ೦.೫ರವರೆಗಿನ ಅತಿವಿಳಂಬ ಆಂದೋಲನವು ಹಡಗಿನಲ್ಲಿ ಆಗುವಂತೆ ವಾಕರಿಕೆಯನ್ನು ತರುತ್ತದೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು ೧೯೯೭ರಲ್ಲಿ ಪ್ರಕಟಿಸಿದ, ದೇಹಕಂಪನವನ್ನು ಕುರಿತ ೨೬೩೧-೧ನೆಯ ಮಾನಕದಲ್ಲಿ ಈ ಎರಡು ಪ್ರಾಂತಗಳಿಗೂ ಬೇರೆ ಬೇರೆ ತೂಕಗಳು ವಿಧಿಸಲ್ಪಟ್ಟಿವೆ. ಸ್ಪ್ರಿಂಗಿನ ಸ್ವಂತ ಲಯವು ಈ ಎರಡರ ನಡುವೆ ಇದ್ದರೆ ದೇಹಕ್ಕೆ ಸುಖವು.

೪. ಎತ್ತರವನ್ನು ಪಡೆಯುವ ಮೂರು ಬಗೆ

ಒಂದು ಚಕ್ರದ ಸ್ಪ್ರಿಂಗಿನ ಮೇಲೆ ೪೦೦ ಕಿಲೋಗ್ರಾಂ ಭಾರವಿರುವುದೆಂದೂ, ಸ್ಪ್ರಿಂಗಿನ ಪೆಡಸು ಮಿಲಿಮೀಟರಿಗೆ ೨೫ ನ್ಯೂಟನ್ ಎಂದೂ ಇಟ್ಟುಕೊಂಡರೆ, ಸ್ಪ್ರಿಂಗು ೧೫೭ ಮಿಲಿಮೀಟರು ಇಳಿಯುವುದು, ಆವೃತ್ತಿಯು ೧.೨೬. ಈ ವಾಹನವನ್ನು ೫೦ ಮಿಲಿಮೀಟರು ಎತ್ತರಿಸಬೇಕಾದರೆ ಮಾರ್ಗಗಳು ಮೂರು.

ಮೊದಲನೆಯದು, ಅದೇ ಪೆಡಸುಳ್ಳ, ಆದರೆ ೫೦ ಮಿಲಿಮೀಟರು ಹೆಚ್ಚು ಉದ್ದವಾದ ಸ್ಪ್ರಿಂಗನ್ನು ಹಾಕುವುದು. ಇಲ್ಲಿ ಆವೃತ್ತಿಯು ೧.೨೬ ಆಗಿಯೇ ಉಳಿಯುವುದು.

ಎರಡನೆಯದು, ಹಳೆಯ ಸ್ಪ್ರಿಂಗಿನ ಮೇಲೆ ದಪ್ಪನೆಯ ಬಿಲ್ಲೆಯನ್ನು ಇಡುವುದು. ಇಲ್ಲಿಯೂ ಪೆಡಸು ಬದಲಾಗುವುದಿಲ್ಲ. ಆದರೆ ಕಂಪನವನ್ನು ಶಮನಗೊಳಿಸುವ ಷಾಕ್ ಅಬ್ಸಾರ್ಬರು ಹಳೆಯದೇ ಆಗಿದ್ದರೆ, ಚಕ್ರವು ಕೆಳಕ್ಕೆ ಇಳಿಯಬಹುದಾದ ಅವಕಾಶವು ೫೦ ಮಿಲಿಮೀಟರು ಕಡಿಮೆಯಾಗುವುದು; ಹಳ್ಳದಲ್ಲಿ ಚಕ್ರವು ನೆಲ ಮುಟ್ಟುವ ಮೊದಲೇ ಷಾಕ್ ಅಬ್ಸಾರ್ಬರು ಅದನ್ನು ತಡೆಯುವುದು.

ಮೂರನೆಯದು, ಹಿಂದಿನಷ್ಟೇ ಉದ್ದವಿದ್ದು ಹೆಚ್ಚು ಪೆಡಸಾದ ಸ್ಪ್ರಿಂಗನ್ನು ಹಾಕುವುದು. ಇಳಿತವು ೧೫೭ರಿಂದ ೧೦೭ಕ್ಕೆ ಕುಗ್ಗಬೇಕಾದರೆ ಪೆಡಸು ೩೬.೭ಕ್ಕೆ ಏರಬೇಕು. ಆಗ ಆವೃತ್ತಿಯು ೧.೫೩ ಆಗುವುದು. ಶಾಮಕವನ್ನು ಗಣನೆಗೆ ತಾರದೆ ನೋಡಿದರೆ, ಸೆಕೆಂಡಿಗೆ ೫ ಬಾರಿ ಬರುವ ನೆಲದ ಅಲುಗಾಟದಲ್ಲಿ ಮೊದಲಿನ ಸ್ಪ್ರಿಂಗು ನೂರಕ್ಕೆ ೭ರಷ್ಟನ್ನು ಮೇಲಕ್ಕೆ ಸಾಗಿಸಿದರೆ ಇದು ೧೦ರಷ್ಟನ್ನು ಸಾಗಿಸುವುದು. ದೇಹವು ಅತ್ಯಂತ ಅಸಹನೆಯಿಂದಿರುವ ಪ್ರಾಂತದಲ್ಲಿಯೇ ಅಲುಗಾಟವು ಒಂದೂವರೆ ಪಾಲಾಯಿತು.

ಎತ್ತರವು ಮೂರರಲ್ಲಿಯೂ ಒಂದೇ. ಪೆಡಸು ಮಾತ್ರ ಮೂರನೆಯದರಲ್ಲಿ ಬೇರೆ. ಆದುದರಿಂದ ಎತ್ತರಕ್ಕೂ ಪೆಡಸಿಗೂ ನಿಯತವಾದ ಸಂಬಂಧವಿಲ್ಲವೆಂದು ಸಿದ್ಧವಾಯಿತು.

೫. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಹೀಗೆ ಆಕ್ಷೇಪಿಸಬಹುದು: ಕಲ್ಲುದಾರಿಯಲ್ಲಿ ಪೆಟ್ಟುಗಳು ದೊಡ್ಡವು, ಮೃದುವಾದ ಸ್ಪ್ರಿಂಗು ಬೇಗನೆ ತಳ ಮುಟ್ಟಿ ಬಡಿಯುವುದು, ಆದಕಾರಣ ಪೆಡಸು ಬೇಕೇ ಬೇಕು ಎಂದು.

ಸಮಾಧಾನವು ಹೀಗಿದೆ. ಎತ್ತರಿಸುವ ಮೊದಲು ಚಕ್ರವು ಮೇಲಕ್ಕೆ ಏರಲು ೧೦೦ ಮಿಲಿಮೀಟರು ಅವಕಾಶವಿದ್ದಿತೆಂದರೆ, ೨೫ರ ಸ್ಪ್ರಿಂಗು ತಳ ಮುಟ್ಟುವುದಕ್ಕೆ ನಿಂತ ಭಾರದ ನೂರಕ್ಕೆ ೬೪ರಷ್ಟು ಅಧಿಕ ಬಲವು ಸಾಕು. ಎತ್ತರಿಸದೆ ೩೬.೭ರ ಪೆಡಸನ್ನು ಅಳವಡಿಸಿದರೆ ನೂರಕ್ಕೆ ೯೪ರಷ್ಟು ಬೇಕು. ಆದರೆ ೨೫ರ ಉದ್ದ ಸ್ಪ್ರಿಂಗಿನಿಂದ ಎತ್ತರಿಸಿದಾಗ ಅವಕಾಶವೇ ೧೫೦ ಮಿಲಿಮೀಟರಾಗುವುದರಿಂದ, ತಳ ಮುಟ್ಟಲು ನೂರಕ್ಕೆ ೯೬ರಷ್ಟು ಅಧಿಕ ಬಲವು ಬೇಕಾಗುವುದು. ಪೆಡಸಿನಿಂದ ದೊರೆಯುವ ರಕ್ಷಣೆಯನ್ನು ಎತ್ತರವೇ ಕೊಟ್ಟಿತು. ದೊಡ್ಡ ಟಯರುಗಳು ಮಡ್‌ಗಾರ್ಡಿಗೆ ತಾಗುವುವೆಂದು ತಡೆಗಟ್ಟೆಯನ್ನು ಕೆಳಕ್ಕೆ ಇಳಿಸಿದರೆ ಮಾತ್ರ ಈ ಲಾಭವು ಅಷ್ಟರಮಟ್ಟಿಗೆ ನಷ್ಟವಾಗುವುದು.

ಕೆಳಮುಖದ ಚಲನೆಯಲ್ಲಿ ಭೇದವು ಇನ್ನೂ ಸ್ಪಷ್ಟವಾಗಿದೆ. ಚಕ್ರವು ೧೦೦ ಮಿಲಿಮೀಟರು ಹಳ್ಳಕ್ಕೆ ಇಳಿದಾಗ ೨೫ರ ಸ್ಪ್ರಿಂಗು ಅದನ್ನು ಇನ್ನೂ ೧,೪೨೪ ನ್ಯೂಟನ್ ಬಲದಿಂದ ನೆಲಕ್ಕೆ ಒತ್ತುತ್ತಿರುವುದು, ೩೬.೭ರ ಸ್ಪ್ರಿಂಗಿನಲ್ಲಿ ಉಳಿಯುವುದು ೨೫೪ ನ್ಯೂಟನ್ ಮಾತ್ರ. ನೆಲಕ್ಕೆ ಒತ್ತಿರದ ಚಕ್ರವು ಸುತ್ತುವುದೇ ಹೊರತು ಎಳೆಯಲಾರದು. ಹೀಗೆ ಮೃದುತ್ವವು ಸುಖಕ್ಕೆ ಮಾತ್ರವಲ್ಲದೆ ಸಾಮರ್ಥ್ಯಕ್ಕೂ ಕಾರಣವಾಗುವುದು.

ಪೆಡಸು ನಿಜವಾಗಿ ಬೇಕಾಗುವ ಸಂದರ್ಭವೊಂದುಂಟು. ಅದು ಸ್ಥಿರವಾದ ಭಾರವು. ಕಬ್ಬಿಣದ ಬಂಪರು, ವಿಂಚು, ನೀರಿನ ತೊಟ್ಟಿ, ಸಾಮಾನುಗಳಿಂದ ಆ ಚಕ್ರದ ಮೇಲೆ ೧೦೦ ಕಿಲೋಗ್ರಾಂ ಸದಾ ಹೆಚ್ಚಾಗಿದ್ದರೆ, ೨೫ರ ಸ್ಪ್ರಿಂಗು ೩೯ ಮಿಲಿಮೀಟರು ಕುಸಿಯುವುದು. ಪಡೆದ ಎತ್ತರವೆಲ್ಲವೂ ಹೆಚ್ಚುಕಡಿಮೆ ಹೋಯಿತು. ೩೬.೭ರದು ೨೭ ಮಿಲಿಮೀಟರು ಕುಸಿದು, ಅದರ ಆವೃತ್ತಿಯು ೧.೩೬ಕ್ಕೆ ಇಳಿದು ಸುಖದ ಮಿತಿಯೊಳಗೆ ಬರುವುದು. ಅದೇ ವಾಹನವು ಬರಿದಾಗಿ ಓಡುವಾಗ ಕುಲುಕುವುದು. ಭಾರಕ್ಕಾಗಿ ಮಾಡಿದ ಸ್ಪ್ರಿಂಗನ್ನು ಭಾರವಿಲ್ಲದ ವಾಹನಕ್ಕೆ ಹಾಕುವುದೇ ಕಷ್ಟಗಳಿಗೆ ಮುಖ್ಯ ಕಾರಣವೆಂದು ಇದರಿಂದ ತಿಳಿಯುವುದು.

೬. ಪಟ್ಟಿ ಸ್ಪ್ರಿಂಗು ಮತ್ತು ಸುರುಳಿ ಸ್ಪ್ರಿಂಗು

ಎರಡನೆಯ ಮಹಾಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿಯೂ ೧೯೪೮ರ ಲ್ಯಾಂಡ್‌ರೋವರಿನಲ್ಲಿಯೂ ಇದ್ದವು ಪಟ್ಟಿ ಸ್ಪ್ರಿಂಗುಗಳು. ಇವುಗಳಿಗೆ ಹಿಂದೀ ಭಾಷೆಯಲ್ಲಿ 'ಕಮಾನೀ' ಎಂಬ ಹೆಸರುಂಟು; ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ಪ್ರಶಸ್ತಪಾದರ ಮೊದಲ ಉದಾಹರಣೆಯೂ ಬಿಲ್ಲೇ ಆಗಿರುವುದು ಗಮನಾರ್ಹವು. ಪಟ್ಟಿಗಳು ಒಂದರ ಮೇಲೊಂದು ಉಜ್ಜುವುದರಿಂದ ಸಣ್ಣ ಕುಲುಕುಗಳಲ್ಲಿ ಅವು ಜಾರದೆ ಅಂಟಿಕೊಂಡು ನಿಲ್ಲುವುವು. ಆಗ ಸ್ಪ್ರಿಂಗು ತನ್ನ ಲೆಕ್ಕದ ಪೆಡಸಿಗಿಂತ ಹೆಚ್ಚು ಪೆಡಸಾಗಿ ವರ್ತಿಸುವುದು. ಒಂದೇ ದಪ್ಪದ ಐದು ಪಟ್ಟಿಗಳಿಗೆ ಆರನೆಯದನ್ನು ಸೇರಿಸಿದರೆ ಪೆಡಸು ಸುಮಾರು ನೂರಕ್ಕೆ ೨೦ರಷ್ಟು ಏರುವುದು, ಘರ್ಷಣವೂ ಏರುವುದು. ಎತ್ತರವೇ ಬೇಕಾಗಿದ್ದರೆ ಪಟ್ಟಿ ಸೇರಿಸುವುದಕ್ಕಿಂತ ಹೆಚ್ಚು ಬಾಗುಳ್ಳ ಪಟ್ಟಿಗಳನ್ನು ಹಾಕುವುದು ಲೇಸು.

೧೯೭೦ರ ರೇಂಜ್‌ರೋವರ್ ವಾಹನವು ದೀರ್ಘ ಚಲನೆಯುಳ್ಳ ಮೃದುವಾದ ಸುರುಳಿ ಸ್ಪ್ರಿಂಗುಗಳನ್ನು ಗಟ್ಟಿ ಅಚ್ಚುಗಳೊಡನೆ ಜೋಡಿಸಿ, ಸುಖವೂ ಕಾಡುದಾರಿಯ ಸಾಮರ್ಥ್ಯವೂ ಪರಸ್ಪರ ವಿರುದ್ಧವಲ್ಲವೆಂದು ತೋರಿಸಿಕೊಟ್ಟಿತು. ಹಿಂದೂಸ್ಥಾನದಲ್ಲಿ ೧೯೮೫ರಲ್ಲಿ ಬಂದ ಮಾರುತಿ ಜಿಪ್ಸಿಯು ಪಟ್ಟಿ ಸ್ಪ್ರಿಂಗುಗಳದು. ೨೦೨೩ರಲ್ಲಿ ಇಲ್ಲಿಗೆ ಬಂದ ಜಿಮ್ನಿಯು ಸುರುಳಿಗಳದು. ಎರಡರಲ್ಲಿಯೂ ಅಚ್ಚುಗಳು ಗಟ್ಟಿಯಾದವುಗಳೇ. ಆದ್ದರಿಂದ ಈ ಎರಡರಲ್ಲಿ ಕುಳಿತವನಿಗೆ ತೋರುವ ಭೇದದಲ್ಲಿ ಹೆಚ್ಚಿನ ಪಾಲು ಸ್ಪ್ರಿಂಗಿಗೆ ಸಲ್ಲತಕ್ಕದ್ದು.

೭. ಸಹಕಾರಿಗಳು

ಸ್ಪ್ರಿಂಗು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಪೆಡಸು ಹೆಚ್ಚಿದರೆ ಅದು ಹಿಂದಿರುಗುವ ರಭಸವೂ ಹೆಚ್ಚುವುದರಿಂದ ಷಾಕ್ ಅಬ್ಸಾರ್ಬರಿನ ಶಮನವೂ ತಕ್ಕಂತೆ ಹೆಚ್ಚಬೇಕು; ಹಳೆಯದನ್ನೇ ಉಳಿಸಿದರೆ ವಾಹನವು ಪುಟಿಯುವುದು. ಶಮನವು ಮಿತಿಮೀರಿದರೂ ಒರಟುತನವು ಬರುವುದು. ಆ ಒರಟುತನವನ್ನು ಸ್ಪ್ರಿಂಗಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸ್ಥಿತಿಸ್ಥಾಪಕವು ಪೃಥಿವಿಯೊಂದರಲ್ಲಿಯೇ ಇರುವುದೆಂದು ಒಂದು ಪಕ್ಷ. ವಾಯುವೂ ಸೇರಿ ನಾಲ್ಕು ಭೂತಗಳಲ್ಲಿಯೂ ಇರುವುದೆಂದು ಕೆಲವರ ಪಕ್ಷ. ಟಯರಿನೊಳಗಿನ ಗಾಳಿಯು ಎರಡನೆಯ ಪಕ್ಷಕ್ಕೆ ಸಾಕ್ಷಿಯಾಗಿದೆ. ಟಯರು ಸ್ಪ್ರಿಂಗಿನೊಡನೆ ಸರಣಿಯಾಗಿ ನಿಂತ ಮತ್ತೊಂದು ಸ್ಪ್ರಿಂಗು. ಕಲ್ಲುದಾರಿಯಲ್ಲಿ ಅದರ ಒತ್ತಡವನ್ನು ಮಿತವಾಗಿ ಇಳಿಸಿ, ಡಾಂಬರು ರಸ್ತೆಗೆ ಬಂದೊಡನೆ ಪುನಃ ತುಂಬುವುದು ಅತ್ಯಲ್ಪ ವೆಚ್ಚದ ಉಪಾಯವು.

ಇನ್ನೊಂದು ಅಂಶವು ಸ್ಮರಣೀಯವು. ಗಟ್ಟಿ ಅಚ್ಚಿನ ವಾಹನದಲ್ಲಿ ಸ್ಪ್ರಿಂಗನ್ನು ಎತ್ತರಿಸಿದರೆ ಮೈಕಟ್ಟು ಮಾತ್ರ ಏರುವುದು. ಅಚ್ಚಿನ ನಡುವಣ ಗುಂಡಾದ ಭಾಗವು ನೆಲದಿಂದ ಇದ್ದಷ್ಟೇ ದೂರದಲ್ಲಿರುವುದು. ಅದನ್ನು ಏರಿಸತಕ್ಕದ್ದು ದೊಡ್ಡ ಟಯರು ಮಾತ್ರ. ವ್ಯಾಸವು ೫೦ ಮಿಲಿಮೀಟರು ಹೆಚ್ಚಿದರೆ ಅಚ್ಚು ೨೫ ಮಿಲಿಮೀಟರು ಏರುವುದು.

೮. ಎತ್ತರದ ಬೆಲೆ

ಚಕ್ರಗಳ ನಡುವಣ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಲಬ್ಧವು ವಾಹನವು ಮಗುಚದಿರುವ ಶಕ್ತಿಗೆ ಸ್ಥೂಲವಾದ ಅಳತೆಯು. ಅಮೆರಿಕಾ ಸಂಯುಕ್ತ ಸಂಸ್ಥಾನದ ಹೆದ್ದಾರಿ ಸುರಕ್ಷತಾ ಇಲಾಖೆಯು ೨೦೦೧ರ ವಾಹನಗಳಿಂದ ಮೊದಲ್ಗೊಂಡು ಈ ಅಳತೆಯನ್ನು ಬಳಸಿ ದರ್ಜೆಗಳನ್ನು ಪ್ರಕಟಿಸಿತು. ಅಗಲವು ೧,೫೦೦, ಗುರುತ್ವಕೇಂದ್ರವು ೭೫೦ ಮಿಲಿಮೀಟರು ಇದ್ದರೆ ಲಬ್ಧವು ೧. ಕೇಂದ್ರವು ೫೦ ಮಿಲಿಮೀಟರು ಏರಿದರೆ ಅದು ೦.೯೪ಕ್ಕೆ ಇಳಿಯುವುದು. ಈ ನಷ್ಟವನ್ನು ಯಾವ ಸ್ಪ್ರಿಂಗೂ ತುಂಬಿಕೊಡಲಾರದು. ಪೆಡಸಾದ ಸ್ಪ್ರಿಂಗು ತಿರುವಿನಲ್ಲಿ ವಾಲುವುದನ್ನು ಕಡಿಮೆ ಮಾಡುವುದರಿಂದ ಚಾಲಕನಿಗೆ ಭಯವು ಕಡಿಮೆಯಾಗಬಹುದು. ಅಪಾಯವು ಅಷ್ಟರಮಟ್ಟಿಗೆ ಕಡಿಮೆಯಾಗುವುದಿಲ್ಲ. ಇದಲ್ಲದೆ, ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕನ ಮೂಲ ನಿರ್ದೇಶಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ.

೯. ನಿರ್ಣಯ

ಮೇಲ್ಕಂಡ ವಿಚಾರದಿಂದ ಕ್ರಮವು ಹೀಗೆ ಏರ್ಪಡುತ್ತದೆ. ವಾಹನವನ್ನು ಅದು ನಿತ್ಯವೂ ಹೊರುವ ಭಾರದೊಡನೆ ಮೊದಲು ತೂಗಬೇಕು. ಆ ಭಾರಕ್ಕೆ ಆವೃತ್ತಿಯು ೧.೫ನ್ನು ಮೀರದಂತೆ ಪೆಡಸನ್ನು ಗೊತ್ತುಮಾಡಬೇಕು. ಎತ್ತರವನ್ನು ಸ್ಪ್ರಿಂಗಿನ ಉದ್ದದಿಂದ ಪಡೆಯಬೇಕು. ಅದಕ್ಕೆ ತಕ್ಕ ಉದ್ದದ ಷಾಕ್ ಅಬ್ಸಾರ್ಬರನ್ನು ಜೋಡಿಸಬೇಕು. ಎತ್ತರವು ಕಾರ್ಯಕ್ಕೆ ಬೇಕಾದಷ್ಟೇ ಇರಬೇಕು. 'ಗಟ್ಟಿ ಸ್ಪ್ರಿಂಗು ಬೇಕು' ಎಂಬ ವಾಕ್ಯವು ದಾರ್ಢ್ಯದ ಅರ್ಥದಲ್ಲಿ ಯಾವಾಗಲೂ ಸಾಧುವು. ಪೆಡಸಿನ ಅರ್ಥದಲ್ಲಿ ಭಾರವಿದ್ದಾಗ ಮಾತ್ರ ಸಾಧುವು. ಅಂಗಡಿಯಲ್ಲಿ ಕೊಳ್ಳುವವನೂ ಮಾರುವವನೂ ಒಂದೇ ಶಬ್ದವನ್ನು ಎರಡು ಅರ್ಥಗಳಲ್ಲಿ ಆಡುತ್ತಿರುವವರೆಗೆ ಈ ವಿವೇಕವು ಉಂಟಾಗಲಾರದು. ಆದಕಾರಣ ಪೆಡಸು, ದಾರ್ಢ್ಯ ಎಂಬ ಎರಡು ಪದಗಳನ್ನು ಪಾಠಶಾಲೆಯ ಪುಸ್ತಕಗಳಲ್ಲಿಯೂ ಯಂತ್ರಶಾಲೆಗಳಲ್ಲಿಯೂ ಬೇರೆಬೇರೆಯಾಗಿ ರೂಢಿಗೆ ತರುವುದು ಯುಕ್ತವು.