ಮಳೆಗಾಲಕ್ಕೆ ಮೊದಲು ಹಿಂಚಕ್ರದ ಬ್ರೇಕು

ಮಲೆನಾಡಿನ ಕಡಹಿನಬೈಲಿನ ಸುತ್ತಿನಲ್ಲಿ ಪಿಕಪ್ ಗಾಡಿ ತೋಟದ ಕೆಲಸಕ್ಕೇ ಸೇರಿದ್ದು. ಗೊಬ್ಬರ ಬರುವುದು ಅದರಲ್ಲೇ, ಅಡಿಕೆ ಮೂಟೆ ಕೊಪ್ಪಕ್ಕೋ ಶಿವಮೊಗ್ಗದ ಮಂಡಿಗೋ ಹೋಗುವುದೂ ಅದರಲ್ಲೇ. ಬೊಲೆರೊ ಪಿಕಪ್ ಆಗಲಿ, 2005ರಲ್ಲಿ ಬಂದ ಟಾಟಾ ಏಸ್ ಆಗಲಿ, ಮುಂದಿನ ಚಕ್ರಕ್ಕೆ ಡಿಸ್ಕ್, ಹಿಂದಿನದಕ್ಕೆ ಡ್ರಮ್. ಡ್ರಮ್ಮಿನೊಳಗೆ ಸವೆಯುವ ಶೂ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ನೆನಪಿಗೂ ಬರುವುದಿಲ್ಲ. ಖಾಲಿ ಗಾಡಿಯನ್ನು ಹೆಚ್ಚಾಗಿ ಮುಂದಿನ ಬ್ರೇಕೇ ತಡೆಯುತ್ತದೆ. ಲೋಡು ತುಂಬಿದರೆ ಭಾರ ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ, ಹಿಂಬ್ರೇಕಿನ ಪಾಲೂ ಏರುತ್ತದೆ.

ಇಂದಿನ ಮಾದರಿಯ ಡ್ರಮ್ ಬ್ರೇಕನ್ನು 1902ರಲ್ಲಿ ರೂಪಿಸಿದವರು ಫ್ರಾನ್ಸಿನ ಲೂಯಿ ರೆನೊ. ಒಳಗಿರುವುದು ಲೈನಿಂಗ್ ಅಂಟಿಸಿದ ಎರಡು ಶೂ, ಅವುಗಳ ನಡುವೆ ಒಂದು ವೀಲ್ ಸಿಲಿಂಡರ್. ಪೆಡಲ್ ತುಳಿದಾಗ ಬ್ರೇಕ್ ಆಯಿಲ್‌ನ ಒತ್ತಡಕ್ಕೆ ಸಿಲಿಂಡರಿನ ಪಿಸ್ಟನ್ನುಗಳು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಗಾಡಿ ಮುಂದಕ್ಕೆ ಹೋಗುವಾಗ ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ. ಮುಂದಿನ ಶೂ ಬೇಗ ಸವೆಯುವುದು ಇದರಿಂದಲೇ.

ಈ ಉಜ್ಜಾಟವೆಲ್ಲ ಶಾಖವಾಗುತ್ತದೆ. ಎರಡೂವರೆ ಟನ್ ತೂಗುವ ಗಾಡಿ 100 ಮೀಟರ್ ಎತ್ತರ ಇಳಿದು ನಿಂತರೆ, ಬರೀ ಬ್ರೇಕಿನಲ್ಲೇ ತಡೆದಿದ್ದಲ್ಲಿ ಹುಟ್ಟುವ ಶಾಖ ಸುಮಾರು 7 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವ ಎತ್ತರ ಅದರ ಹಲವು ಪಟ್ಟು. ಬಿಸಿಯಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಸವೆದ ಲೈನಿಂಗ್ ಈ ಪರೀಕ್ಷೆಯನ್ನು ತಡೆದುಕೊಳ್ಳುವುದಿಲ್ಲ.

ಹ್ಯಾಂಡ್ ಬ್ರೇಕ್ ಮೊದಲಿಗಿಂತ ಹೆಚ್ಚು ಎಳೆಯಬೇಕಾಗಿ ಬಂದರೆ, ಹಿಂದಿನಿಂದ ಕಬ್ಬಿಣ ಉಜ್ಜುವ ಸದ್ದು ಬಂದರೆ, ಟೈರಿನ ಒಳಮೈ ಒದ್ದೆಯಾಗಿದ್ದರೆ ಡ್ರಮ್ಮು ಬಿಚ್ಚುವ ಹೊತ್ತಾಯಿತು. ಇದಕ್ಕೆ ಮೇ ತಿಂಗಳೇ ಸರಿ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಆಗ ಖಾಲಿ ಇರುತ್ತದೆ. ಜಾಕಿಗೆ ಅಂಥ ಗಟ್ಟಿ, ಸಮತಟ್ಟು ನೆಲವೇ ಬೇಕು. ಮಣ್ಣಿನ ಮೇಲೆ ಅದು ಹೂತುಹೋಗುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹ್ಯಾಂಡ್ ಬ್ರೇಕ್ ಹಿಡಿಯುವುದೇ ಹಿಂದಿನ ಡ್ರಮ್ಮನ್ನು. ಡ್ರಮ್ಮು ಹೊರಬರಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಗೇರೂ ನ್ಯೂಟ್ರಲ್‌ನಲ್ಲಿರಬೇಕು. ಆಗ ಗಾಡಿಯನ್ನು ನಿಲ್ಲಿಸಿರುವುದು ಮುಂದಿನ ಚಕ್ರಗಳಿಗೆ ಕೊಟ್ಟ ಅಡ್ಡ ಮಾತ್ರ. ಎರಡೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಮರದ ತುಂಡು ಕೊಡಿ. ಎತ್ತಿದ ಮೇಲೆ ಆಕ್ಸಲ್ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಜಂಬಿಟ್ಟಿಗೆ ಕಲ್ಲು ಪೇರಿಸುವುದು ಬೇಡವೇ ಬೇಡ, ಅದು ಒಮ್ಮೆಲೇ ಒಡೆಯುತ್ತದೆ.

ಮಲೆನಾಡಿನ ತೇವಕ್ಕೆ ಡ್ರಮ್ಮು ಹಬ್ಬಿಗೆ ತುಕ್ಕು ಹಿಡಿದು ಕೂತಿರುತ್ತದೆ. ಅನೇಕ ಡ್ರಮ್ಮುಗಳ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿರುತ್ತವೆ. ಸರಿಹೊಂದುವ ಬೋಲ್ಟುಗಳನ್ನು ಅವುಗಳಲ್ಲಿ ಸಮನಾಗಿ ಬಿಗಿಯುತ್ತ ಹೋದರೆ ಡ್ರಮ್ಮು ತಾನಾಗಿ ಹೊರಬರುತ್ತದೆ. ಡ್ರಮ್ಮು ತೆಗೆಯಲು ಹಬ್ಬು, ಬೇರಿಂಗು ಬಿಚ್ಚಬೇಕಾದ ಗಾಡಿಯಾದರೆ ವರ್ಕ್‌ಶಾಪಿಗೇ ಒಯ್ಯಿರಿ. ಒಳಗಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗ್‌ನಲ್ಲಿ ಶ್ವಾಸಕೋಶ ಕೆಡಿಸುವ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಿಚ್ಚುವ ಮೊದಲು ಸ್ಪ್ರಿಂಗುಗಳ ಫೋಟೊ ತೆಗೆದುಕೊಳ್ಳಿ. ಒಂದು ಬದಿ ಪೂರ್ತಿ ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಗೊಂದಲವಾದರೆ ನೋಡಿಕೊಳ್ಳಲು ಒಂದು ನಮೂನೆ ಕಣ್ಣೆದುರಿಗೇ ಇರುತ್ತದೆ. ಶೂ ಮಾತ್ರ ಎರಡೂ ಬದಿಗೆ ಒಟ್ಟಿಗೇ ಹೊಸದಾಗಬೇಕು. ಇಲ್ಲದಿದ್ದರೆ ಒದ್ದೆ ರಸ್ತೆಯಲ್ಲಿ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಹಳೆ ಸ್ಪ್ರಿಂಗುಗಳನ್ನೂ ಬದಲಿಸುವುದು ಒಳ್ಳೆಯದು. ಶೂ ತಾಗುವ ಹಿಂಬದಿ ತಗಡಿನ ಉಬ್ಬುಗಳಿಗೆ ಬಿಸಿ ತಡೆಯುವ ಗ್ರೀಸನ್ನು ಚೂರೇ ಹಚ್ಚಿ, ಲೈನಿಂಗ್‌ಗೆ ಬೆರಳಿನ ಎಣ್ಣೆಯೂ ತಾಗದಿರಲಿ. ವೀಲ್ ಸಿಲಿಂಡರಿನ ರಬ್ಬರ್ ಎತ್ತಿದಾಗ ಆಯಿಲ್ ಜಿನುಗಿದ್ದರೆ, ಅಥವಾ ಆಕ್ಸಲ್ ಸೀಲಿನಿಂದ ಗೇರ್ ಆಯಿಲ್ ಬಂದಿದ್ದರೆ, ಹೊಸ ಶೂ ಹಾಕಿ ಪ್ರಯೋಜನವಿಲ್ಲ, ಮೊದಲು ಸೋರಿಕೆ ನಿಲ್ಲಬೇಕು. ಡ್ರಮ್ಮಿನ ಒಳ ಅಳತೆಯ ಗರಿಷ್ಠ ಮಿತಿಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದನ್ನು ಮೀರಿದ್ದನ್ನು ಲೇತ್‌ಗೆ ಕೊಡದೆ ಎಸೆಯಬೇಕು.

ಜೋಡಿಸಿದ ಮೇಲೆ ಅಡ್ಜಸ್ಟರ್ ತಿರುಗಿಸಿ, ಚಕ್ರ ಕೈಯಲ್ಲಿ ಸುತ್ತುವಾಗ ಶೂ ತುಸುವೇ ಸವರುವಂತೆ ಮಾಡಿ. ಆಮೇಲೆ ಹ್ಯಾಂಡ್ ಬ್ರೇಕ್ ಸರಿಮಾಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ: ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು, ನೀರು ಸೇರಿದ್ದಕ್ಕೆ ಮಾನದಂಡವೇ 140ಕ್ಕೆ ಇಳಿಯುತ್ತದೆ. ನಮ್ಮ ಮಳೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ದುಬಾರಿಯಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ನಿಲ್ಲಿಸುವಾಗ ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿರಿ. ಎಳೆದಿಟ್ಟರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ.

ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಸ್ಪಂಜಿನಂತೆ ಕುಸಿದರೆ ಒಳಗೆ ಗಾಳಿಯಿದೆ, ಅದನ್ನು ತೆಗೆಸದೆ ಗೇಟು ದಾಟಬೇಡಿ. ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿ, ಮೆಲ್ಲಗೆ ಬ್ರೇಕ್ ಹಿಡಿಯುತ್ತ ಶೂ ಕೂರಲು ಬಿಡಿ. ಶೂ ಡ್ರಮ್ಮಿಗೆ ಸರಿಯಾಗಿ ಕೂರುವ ತನಕ ಲೋಡು ತುಂಬಿ ಘಾಟಿ ಇಳಿಯಬೇಡಿ.