ಸಂಘದ ಜಾಲತಾಣ: ಬೀಗದ ಕೈ ಯಾರ ಜೇಬಿನಲ್ಲಿ?

ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿ ಹಾಲಿನಲ್ಲಿ ಭಾನುವಾರ ಔಷಧ ವ್ಯಾಪಾರಿಗಳ ಸಭೆ. ಅಜೆಂಡಾದಲ್ಲಿ ಇದ್ದದ್ದು ಒಂದೇ ಸಾಲು: ‘ಸದಸ್ಯರಿಗಾಗಿ ಸ್ವಂತ ಜಾಲತಾಣ.’ ಬೆಳಿಗ್ಗೆ ಹತ್ತೂವರೆಗೆ ಶುರುವಾದ ಮಾತು ಮಧ್ಯಾಹ್ನ ಒಂದೂವರೆಯಾದರೂ ಮುಗಿಯಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಮಾತ್ರ ಹನ್ನೊಂದಕ್ಕೇ ಮುಗಿದಿದ್ದವು.

ಮೆಡಿಕಲ್ ಶಾಪಿನವರಿಗೆ ಇದೇನು ಹೊಸ ಹುಚ್ಚು ಎಂದು ಪೇಟೆಯವರು ಕೇಳಬಹುದು. ಹುಚ್ಚಲ್ಲ, ಪೆಟ್ಟು ತಿಂದ ಮೇಲೆ ಬಂದ ಬುದ್ಧಿ.

ಸಂಘಕ್ಕೆ ಒಂದು ವಾಟ್ಸಾಪ್ ಗುಂಪಿದೆ. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ರಾತ್ರಿಯಾದರೆ ಚಂದ್ರನ ಶುಭರಾತ್ರಿ, ನಡುವೆ ಅಪರೂಪಕ್ಕೊಂದು ಕೆಲಸದ ಮಾತು. ಕೆಲವು ತಿಂಗಳ ಹಿಂದೆ ಒಬ್ಬ ಸದಸ್ಯರ ಅಂಗಡಿಗೆ ಹೆಣ್ಣುಮಗಳೊಬ್ಬಳು ಡಾಕ್ಟರ ಚೀಟಿ ತಂದಳು. ಮನಸ್ಸಿನ ಕಾಯಿಲೆಯ ಮಾತ್ರೆ, ಸ್ಟಾಕ್ ಇರಲಿಲ್ಲ. ಪಾಪ, ಒಳ್ಳೇದು ಮಾಡೋಣ ಅಂತಲೇ ಅವರು ಚೀಟಿಯ ಫೋಟೋ ತೆಗೆದು ‘ಯಾರ ಹತ್ರ ಇದೆ?’ ಎಂದು ಗುಂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಮಾತ್ರೆ ಸಿಕ್ಕಿತು. ಮೂರು ದಿನದಲ್ಲಿ ಹೆಸರು, ವಯಸ್ಸು, ಡಾಕ್ಟರ ಸೀಲು ಸಮೇತ ಆ ಫೋಟೋ ಹುಡುಗಿಯ ಬೀದಿಯವರ ಮೊಬೈಲಿಗೂ ಬಂತು. ನಾಲ್ಕನೇ ದಿನ ಅವಳ ಅಪ್ಪ ಅಂಗಡಿ ಮುಂದೆ ಬಂದು ನಿಂತರು. ಗಲಾಟೆ ಮಾಡಲಿಲ್ಲ. ‘ನಿಮ್ಮನ್ನ ನಂಬಿ ಚೀಟಿ ಕೊಟ್ವಲ್ಲ ಸಾಹುಕಾರ್ರೇ’ ಎಂದಷ್ಟೇ ಹೇಳಿ ಹೋದರು. ಅವರು ಎರಡು ಏಟು ಹೊಡೆದಿದ್ದರೇ ವಾಸಿಯಿತ್ತು ಎಂದು ಆ ವ್ಯಾಪಾರಿ ಸಭೆಯಲ್ಲಿ ತಲೆ ತಗ್ಗಿಸಿಕೊಂಡೇ ಹೇಳಿದರು.

ಫೋಟೋ ಹೊರಗೆ ಬಿಟ್ಟವರು ಯಾರು? ಗೊತ್ತಾಗಲಿಲ್ಲ. ಗುಂಪನ್ನು ಜಾಲಾಡಿದಾಗ ತಿಳಿದದ್ದೇ ಬೇರೆ: ಅಲ್ಲಿ ಕಂಪನಿಗಳ ರೆಪ್‌ಗಳಿದ್ದರು, ಅಂಗಡಿ ಮುಚ್ಚಿ ಸೈಟು ವ್ಯಾಪಾರಕ್ಕೆ ಇಳಿದವರಿದ್ದರು, ಕೆಲಸ ಬಿಟ್ಟು ಹೋದ ಅಂಗಡಿ ಹುಡುಗರಿದ್ದರು. ಯಾರದೆಂದು ಯಾರಿಗೂ ಗೊತ್ತಿಲ್ಲದ ನಂಬರುಗಳೂ ಇದ್ದವು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಫಾರ್ಮಸಿಸ್ಟರೆಂದರೆ ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿರಬೇಕು. ಅವರ ಗುಂಪಿಗೆ ಮಾತ್ರ ರಿಜಿಸ್ಟರೂ ಇಲ್ಲ, ಬಾಗಿಲೂ ಇಲ್ಲ.

ಹಾಗಾಗಿ ಜಾಲತಾಣ ಬೇಕು ಎಂಬುದಕ್ಕೆ ತಕರಾರಿರಲಿಲ್ಲ. ನೋಂದಣಿ ನಂಬರು ನೋಡಿದ ಮೇಲೆಯೇ ಒಳಗೆ ಬಿಡಬೇಕು, ಸದಸ್ಯರ ವಿಳಾಸ ಪಟ್ಟಿ ಇರಬೇಕು, ವರ್ಷದ ಚಂದಾ ಬಾಕಿ ಇದ್ದವರಿಗೆ ತಾನಾಗಿ ನೆನಪಿನ ಓಲೆ ಹೋಗಬೇಕು, ಔಷಧ ವಿಚಾರಿಸುವವರು ಚೀಟಿಯ ಫೋಟೋ ಬದಲು ಔಷಧದ ಹೆಸರು ಬರೆದು ಕೇಳಬೇಕು. ಇಷ್ಟನ್ನು ಎಲ್ಲರೂ ಒಪ್ಪಿದರು. ಜಗಳ ಶುರುವಾದದ್ದು ಅದನ್ನು ಯಾರ ಜಾಗದಲ್ಲಿ ಕಟ್ಟುವುದು ಎಂಬಲ್ಲಿ.

ಖಜಾಂಚಿಗಳದು ಒಂದೇ ಪಟ್ಟು: ‘ಫೇಸ್‌ಬುಕ್ಕಿನಲ್ಲಿ ಪುಕ್ಕಟೆ ಗುಂಪು ಮಾಡಬಹುದು. ಖರ್ಚು ಯಾಕ್ರೀ?’ ಖಜಾಂಚಿಗಳು ಖಜಾಂಚಿಗಳಂತೆಯೇ ಮಾತಾಡಬೇಕು, ತಪ್ಪಲ್ಲ. ಆದರೆ ಪುಕ್ಕಟೆ ಮಳಿಗೆ ಕೊಟ್ಟವನು ಬೆಳಿಗ್ಗೆ ಎದ್ದು ಖಾಲಿ ಮಾಡು ಎಂದರೆ ಕೇಳುವವರಾರು? ಆರ್ಕುಟ್ ಎಂಬ ತಾಣ 2004ರಲ್ಲಿ ಬಂತು. ಕಾಲೇಜು ಹುಡುಗರೆಲ್ಲ ಅದರಲ್ಲೇ ಬಿದ್ದಿದ್ದರು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದರ ಬಾಗಿಲು ಎಳೆಯಿತು. ಯಾಹೂ ಗ್ರೂಪ್ಸ್‌ನಲ್ಲಿ ದೇಶ ದೇಶಗಳ ವೃತ್ತಿ ಸಂಘಗಳು ವರ್ಷಗಟ್ಟಲೆ ಪತ್ರ, ಕಡತ ಕೂಡಿಟ್ಟಿದ್ದವು. 2019ರ ಅಕ್ಟೋಬರಿನಲ್ಲಿ ಹೊಸದೇನೂ ಹಾಕಬೇಡಿ ಎಂದರು, 2020ರ ಡಿಸೆಂಬರ್ 15ಕ್ಕೆ ಪೂರ್ತಿ ಬಂದ್. ಗೂಗಲ್ ಪ್ಲಸ್ ಕೂಡ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಪಾಲಿಗೆ ಮುಚ್ಚಿತು. ಮುಚ್ಚುವುದಿರಲಿ, 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್ ಎರಡೂ ಒಟ್ಟಿಗೆ ಸುಮಾರು ಆರು ಗಂಟೆ ಮಲಗಿದ್ದನ್ನು ಯಾರು ಮರೆತಿದ್ದಾರೆ?

ಕಾರ್ಯದರ್ಶಿಗಳು ಬೇರೆ ದಾರಿ ಹೇಳಿದರು. ತಿಂಗಳಿಗಿಷ್ಟು ಕಟ್ಟಿದರೆ ಸಿದ್ಧ ಜಾಲತಾಣ ಕೊಡುವ ಕಂಪನಿಗಳಿವೆ. ಸದಸ್ಯರ ಪುಟ, ಗುಂಪು, ಚರ್ಚೆ, ಚಂದಾ ವಸೂಲಿ ಎಲ್ಲ ಅವರದೇ. ಗೋಡೆ, ಶೆಲ್ಫು, ಫ್ಯಾನು ಸಮೇತ ಬಾಡಿಗೆ ಮಳಿಗೆ ಇದ್ದ ಹಾಗೆ, ಸಾಮಾನು ಜೋಡಿಸಿ ಬಾಗಿಲು ತೆಗೆಯುವುದೊಂದೇ ಬಾಕಿ. ಕಂಪ್ಯೂಟರ್ ಬಲ್ಲವರಿಲ್ಲದ ಸಂಘಕ್ಕೆ ಇದು ದೊಡ್ಡ ಅನುಕೂಲ, ಸುಳ್ಳಲ್ಲ.

ಆದರೆ ಬಾಡಿಗೆ ಹೇಗೆ ಏರುತ್ತದೆಂಬುದಕ್ಕೆ ಅಮೆರಿಕದ ನಿಂಗ್ ಎಂಬ ಕಂಪನಿಯ ಕಥೆ ಕೇಳಬೇಕು. ಮಾರ್ಕ್ ಆಂಡ್ರೀಸನ್, ಜೀನಾ ಬಿಯಾಂಕಿನಿ ಎಂಬ ಇಬ್ಬರು 2005ರಲ್ಲಿ ಶುರು ಮಾಡಿದ ಕಂಪನಿ. ಯಾರು ಬೇಕಾದರೂ ತಮ್ಮ ಸಂಘಕ್ಕೊಂದು ಪುಟ್ಟ ಫೇಸ್‌ಬುಕ್ಕಿನಂಥದ್ದು ಕಟ್ಟಿಕೊಳ್ಳಬಹುದಿತ್ತು, ಅದೂ ಪುಕ್ಕಟೆ. ಮೇಷ್ಟ್ರುಗಳು, ಸಂಗೀತಗಾರರು, ವೃತ್ತಿ ಸಂಘಗಳು ಎಲ್ಲ ನುಗ್ಗಿದರು. 2010ರ ಏಪ್ರಿಲ್‌ನಲ್ಲಿ ಕಂಪನಿ ಶೇಕಡ 40ರಷ್ಟು ಸಿಬ್ಬಂದಿಯನ್ನು ಮನೆಗೆ ಕಳಿಸಿ, ಇನ್ನು ಪುಕ್ಕಟೆ ಇಲ್ಲ ಎಂದು ಡಂಗುರ ಹೊಡೆಯಿತು. ಬಂದ ದರಪಟ್ಟಿ ಹೀಗಿತ್ತು: 150 ಸದಸ್ಯರ ಒಳಗಿನ ಸಣ್ಣ ಜಾಲಕ್ಕೆ ತಿಂಗಳಿಗೆ 2.95 ಡಾಲರ್, ಮೇಲಿನದಕ್ಕೆ 19.95, ಎಲ್ಲ ಸೌಲಭ್ಯ ಬೇಕೆಂದರೆ 49.95. ದುಡ್ಡು ಕಟ್ಟಿ ಉಳಿದವರು ಉಳಿದರು. ಬೇಡವೆಂದವರು ಬೇರೆ ಜಾಗ ಹುಡುಕಬೇಕಾಯಿತು. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಮ್ಮ ಸದಸ್ಯರ ಪಟ್ಟಿ, ಹಳೇ ಮಾತುಕತೆ, ಫೋಟೋ ಹೊರಗೆ ತರುವುದು ಹೇಗೆ? ಸೇರುವ ದಿನ ಕೇಳಬೇಕಿದ್ದ ಪ್ರಶ್ನೆಯನ್ನು ಬಿಡುವ ದಿನ ಕೇಳಿದರೆ ಹೀಗೇ.

ಮೂರನೆಯದು ಸ್ವಂತ ಮನೆ. ವರ್ಡ್‌ಪ್ರೆಸ್ ಎಂಬ ತಂತ್ರಾಂಶ 2003ರಿಂದ ಇದೆ, ಅದಕ್ಕೆ ದುಡ್ಡಿಲ್ಲ. ಅದರ ಜೊತೆ ಬಡ್ಡಿಪ್ರೆಸ್ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶ ಸೇರಿಸಿದರೆ ಸದಸ್ಯರ ಪುಟ, ಗುಂಪು, ಖಾಸಗಿ ಓಲೆ ಎಲ್ಲ ಬರುತ್ತದೆ. (ಬಡ್ಡಿ ಎಂದ ಕೂಡಲೇ ಹಿಂದಿನ ಸಾಲಿನವರು ಬೆಚ್ಚಿದರು. ಸಾಲದ ಬಡ್ಡಿಯಲ್ಲ, ಇಂಗ್ಲಿಷಿನಲ್ಲಿ ಗೆಳೆಯ ಎಂದರ್ಥ.) ಅರ್ಜಿ ಹಾಕಿಸಿ, ಸಂಘದವರು ಒಪ್ಪಿದ ಮೇಲೆಯೇ ಒಳಗೆ ಬಿಡುವ ಏರ್ಪಾಡೂ ಇದರಲ್ಲಿದೆ. ಚಂದಾ ವಸೂಲಿಗೆ ಮಾತ್ರ ಬೇರೊಂದು ತಂತ್ರಾಂಶ ಜೋಡಿಸಬೇಕು. ಜಾಗದ ಬಾಡಿಗೆಯನ್ನು ಇಲ್ಲೂ ವರ್ಷ ವರ್ಷ ಕಟ್ಟಬೇಕು, ಆದರೆ ಬೇಡವೆಂದ ದಿನ ಸಾಮಾನನ್ನೆಲ್ಲ ಕಟ್ಟಿಕೊಂಡು ಇನ್ನೊಂದು ಕಡೆ ಹೋಗಬಹುದು.

ಸ್ವಂತ ಮನೆಯೆಂದರೆ ಸೋರುವ ಸೂರೂ ಸ್ವಂತವೇ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳದಿದ್ದರೆ ಕಳ್ಳರು ನುಗ್ಗುತ್ತಾರೆ. ಕಳ್ಳ ಹೆಸರಿನ ಅರ್ಜಿಗಳನ್ನು ದಿನಾ ಗುಡಿಸಬೇಕು, ಎಲ್ಲದರ ನಕಲು ತೆಗೆದು ಬೇರೆ ಕಡೆ ಇಡಬೇಕು. ಸಂಬಳವಿಲ್ಲದೆ ಈ ಚಾಕರಿ ಮಾಡುವ ಪುಣ್ಯಾತ್ಮ ಯಾರು ಎಂದಾಗ ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹಿರಿಯ ವ್ಯಾಪಾರಿಯೊಬ್ಬರು ಆಗ ಎದ್ದರು. ‘ತಮ್ಮಾ, ನನಗೆ ಈ ಕಂಪ್ಯೂಟರ್ ತಿಳಿಯಲ್ಲ. ಒಂದೇ ಮಾತು ಹೇಳಿ. ಬೀಗದ ಕೈ ಯಾರ ಹತ್ರ ಇರುತ್ತೆ?’

ಕೆಲವರು ನಕ್ಕರು. ನಗು ಬಹಳ ಹೊತ್ತು ನಿಲ್ಲಲಿಲ್ಲ. ಯಾಕೆಂದರೆ ಸಂಘಕ್ಕೆ ಹಿಂದೆಯೂ ಒಂದು ಜಾಲತಾಣವಿತ್ತು! ಆಗಿನ ಪದಾಧಿಕಾರಿಯೊಬ್ಬರ ಅಳಿಯ ಮಾಡಿಕೊಟ್ಟದ್ದು. ತಾಣದ ಹೆಸರನ್ನು ನೋಂದಾಯಿಸಿದ್ದು ಅಳಿಯನ ಹೆಸರಿನಲ್ಲಿ, ಕೊಟ್ಟದ್ದು ಅಳಿಯನ ಇಮೇಲ್, ಗುಪ್ತ ಸಂಖ್ಯೆ ಹೋಗುತ್ತಿದ್ದದ್ದು ಅಳಿಯನ ಮೊಬೈಲಿಗೆ. ಅಳಿಯ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ತಾಣದ ಹೆಸರಿಗೆ ವರ್ಷ ವರ್ಷ ನವೀಕರಣ ಶುಲ್ಕ ಕಟ್ಟಬೇಕು. ಜ್ಞಾಪನದ ಓಲೆ ಹೋದದ್ದು ಅವನ ಹಳೇ ಇಮೇಲಿಗೆ, ಅದನ್ನು ತೆರೆದವರಿಲ್ಲ. ಅವಧಿ ಮೀರಿದ ಹೆಸರನ್ನು ಇನ್ಯಾರೋ ಕೊಂಡರು. ಸಾವಿರ ರೂಪಾಯಿ ಆಸುಪಾಸಿನ ಬಾಬ್ತು. ಸಂಘದ ಲೆಟರ್‌ಹೆಡ್ಡಿನಲ್ಲಿ ಇನ್ನೂ ಅದೇ ವಿಳಾಸವಿದೆ, ಒತ್ತಿ ನೋಡಿದರೆ ಜೂಜಿನ ಜಾಹೀರಾತು.

‘ಮಳಿಗೆ ಕರಾರು ನನ್ನ ಹೆಸರಲ್ಲಿ ಇಲ್ದೆ ನಾನು ಒಂದು ಡಬ್ಬಾನೂ ಒಳಗಿಡಲ್ಲ’ ಎಂದು ಹಿರಿಯರು ಕೂತರು.

ಅಲ್ಲಿಂದ ಮಾತು ದಾರಿಗೆ ಬಂತು. ಕಂಪನಿ ಯಾವುದು ಎಂಬ ಜಗಳ ಹಿಂದಕ್ಕೆ ಸರಿದು, ಮೊದಲು ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಬೇಕು ಎಂದಾಯಿತು. ಸಂಘಕ್ಕೆಂದೇ ಒಂದು ಇಮೇಲ್, ಸಂಘಕ್ಕೆಂದೇ ಒಂದು ಸಿಮ್ ಕಾರ್ಡು. ಬೀಗದ ಮಾತು ಮೂವರು ಪದಾಧಿಕಾರಿಗಳಿಗೆ ಗೊತ್ತಿರಬೇಕು, ಚುನಾವಣೆಯಾದ ದಿನವೇ ಬದಲಾಗಬೇಕು. ಬಾಡಿಗೆ ಕಂಪನಿಯಾಗಲಿ, ಸ್ವಂತದ್ದಾಗಲಿ, ಸದಸ್ಯರ ಪಟ್ಟಿ ಮತ್ತು ಹಳೇ ಬರಹ ಪೂರ್ತಿ ಹೊರಗೆ ತೆಗೆದು ತೋರಿಸಿದ ಮೇಲೆಯೇ ದುಡ್ಡು. ಸದಸ್ಯರ ವಿವರ ಇಟ್ಟುಕೊಂಡ ಮೇಲೆ ಅದನ್ನು ಕಾಯುವ ಹೊಣೆಯೂ ಇರುತ್ತದೆ, 2023ರಲ್ಲಿ ಅದಕ್ಕೆಂದೇ ಕೇಂದ್ರದ ಕಾಯ್ದೆ ಬಂದಿದೆ ಎಂದು ವಕೀಲ ಮಿತ್ರರೊಬ್ಬರು ನೆನಪಿಸಿದರು. ಸದ್ಯಕ್ಕೆ ವರ್ಡ್‌ಪ್ರೆಸ್ಸಿನಲ್ಲಿ ಒಂದು ತಾಲ್ಲೂಕಿನ ಸದಸ್ಯರನ್ನಷ್ಟೇ ಸೇರಿಸಿ ಎರಡು ತಿಂಗಳು ನೋಡುವುದು, ನಿಗಾ ನೋಡುವವನಿಗೆ ಸಂಘದಿಂದಲೇ ಸಂಬಳ. ಖಜಾಂಚಿಗಳು ಮುಖ ಸಿಂಡರಿಸಿಕೊಂಡೇ ಕೈ ಎತ್ತಿದರು.

ಚೀಟಿಯ ಫೋಟೋ ಹಾಕಿದ್ದ ವ್ಯಾಪಾರಿ ಆಗ ಒಂದು ಮಾತೆತ್ತಿದರು. ಎಷ್ಟು ಗಟ್ಟಿ ಬಾಗಿಲಿಟ್ಟರೂ ಒಳಗಿದ್ದವನೇ ಫೋಟೋ ತೆಗೆದು ಹೊರಗೆ ಕಳಿಸಿದರೆ? ಅದಕ್ಕೆ ಯಾರ ಹತ್ತಿರವೂ ತಂತ್ರಾಂಶ ಇರಲಿಲ್ಲ. ಹಾಗೆ ಮಾಡಿದವರ ಸದಸ್ಯತ್ವ ರದ್ದು ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.

ಕೊನೆಗೆ ಅಧ್ಯಕ್ಷರು ಕೇಳಿದರು: ‘ಎಲ್ಲಾ ಸರಿ, ಸೇರಿಸೋಕೆ ಸದಸ್ಯರ ಪಟ್ಟಿ ಎಲ್ಲಿದೆ?’ ಪಟ್ಟಿ ಹಳೇ ಖಜಾಂಚಿಗಳ ಮನೆ ಅಟ್ಟದ ಮೇಲಿತ್ತು. ಹುಡುಗನೊಬ್ಬ ಸ್ಕೂಟರಿನಲ್ಲಿ ಹೋಗಿ ತಂದ. ರಟ್ಟಿನ ಪುಸ್ತಕದ ಧೂಳು ಝಾಡಿಸಿ ಮೊದಲ ಪುಟ ತೆಗೆದರು. ಮೊದಲ ಹತ್ತು ಹೆಸರಿನಲ್ಲಿ ನಾಲ್ವರು ತೀರಿಕೊಂಡಿದ್ದರು, ಚಂದಾ ಬಾಕಿ ಎಂದು ಅವರ ಮುಂದೆ ಕೆಂಪು ಶಾಯಿಯಲ್ಲಿ ಗುರುತಿತ್ತು.