ಕರೆಂಟ್ ಉಳಿಸಿದ ಊರಿಗೆ 50 ಲಕ್ಷ ಡಾಲರ್ ಬಹುಮಾನ: ನಿಜವೆಷ್ಟು?

ಅಮೆರಿಕದ ಒಂದು ಊರಿನ ಜನ ಎರಡು ವರ್ಷ ಕರೆಂಟ್ ಉಳಿಸಿ ದೇಶಕ್ಕೇ ಮೊದಲಿಗರಾದರು, ಬಹುಮಾನ 50 ಲಕ್ಷ ಡಾಲರ್. ಇಂಥದ್ದೊಂದು ಮೆಸೇಜ್ ಫ್ಯಾಮಿಲಿ ಗ್ರೂಪ್‌ಗೆ ಬಂದರೆ ನಾವು ಎರಡರಲ್ಲಿ ಒಂದು ಮಾಡುತ್ತೇವೆ. ಕಣ್ಣುಮುಚ್ಚಿ ಮುಂದಕ್ಕೆ ಕಳಿಸುತ್ತೇವೆ, ಇಲ್ಲವೇ ‘ಎಲ್ಲಾ ಸುಳ್ಳು’ ಎಂದು ಅಳಿಸಿಬಿಡುತ್ತೇವೆ. ಇಲ್ಲಿ ಎರಡೂ ತಪ್ಪಾಗುತ್ತದೆ. ಸ್ಪರ್ಧೆ ನಿಜ, ಊರು ನಿಜ, ಗೆದ್ದದ್ದೂ ನಿಜ. ಹಣದ ಕಥೆ ಮಾತ್ರ ಸ್ವಲ್ಪ ಬೇರೆ.

ಸ್ಪರ್ಧೆಯ ಹೆಸರು ಜಾರ್ಜ್‌ಟೌನ್ ಯೂನಿವರ್ಸಿಟಿ ಎನರ್ಜಿ ಪ್ರೈಜ್. 5 ಸಾವಿರದಿಂದ ಎರಡೂವರೆ ಲಕ್ಷ ಜನಸಂಖ್ಯೆಯ ಊರುಗಳಿಗೆ ಮಾತ್ರ ಅವಕಾಶ. 2015 ಮತ್ತು 2016, ಈ ಎರಡು ವರ್ಷ 50 ಊರುಗಳು ಕಣದಲ್ಲಿದ್ದವು. ಮನೆಗಳು, ಸ್ಥಳೀಯ ಆಡಳಿತದ ಕಟ್ಟಡಗಳು ಮತ್ತು ಶಾಲೆಗಳಲ್ಲಿ ಬಳಸುವ ವಿದ್ಯುತ್ ಹಾಗೂ ಪೈಪ್ ಗ್ಯಾಸ್ ಎಷ್ಟು ಇಳಿಯಿತು ಎಂಬುದೇ ಲೆಕ್ಕ. ಕಾರ್ಖಾನೆ, ವಾಹನಗಳು ಲೆಕ್ಕಕ್ಕಿಲ್ಲ. 2017ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂತು. ಗೆದ್ದದ್ದು ನಾರ್ತ್ ಡಕೋಟಾ ರಾಜ್ಯದ ಫಾರ್ಗೊ. ಚಳಿಗಾಲದಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುವುದು ಅಲ್ಲಿ ಮಾಮೂಲು. ಹೀಟರ್ ಆರಿಸಿ ಗೆಲ್ಲುವ ಊರಲ್ಲ ಅದು. 50 ಊರುಗಳೂ ಸೇರಿ ಉಳಿಸಿದ್ದು ಹತ್ತಿರ ಹತ್ತಿರ 10 ಕೋಟಿ ಡಾಲರ್ ಬೆಲೆಯ ಶಕ್ತಿ ಎಂದು ಆಯೋಜಕರು ಹೇಳಿದರು.

ಮೊದಲಿನಿಂದ ಪ್ರಚಾರವಾದದ್ದು ‘50 ಲಕ್ಷ ಡಾಲರ್ ಬಹುಮಾನ’ ಎಂದೇ. ಕೊನೆಗೆ ಫಾರ್ಗೊಗೆ ಸಿಕ್ಕಿದ್ದು ಅಷ್ಟು ಮೊತ್ತದ ಚೆಕ್ ಅಲ್ಲ, ಅಷ್ಟು ವೆಚ್ಚದ ಒಂದು ಕನಸಿನ ಯೋಜನೆಗೆ ಹಣಕಾಸು ಹೊಂದಿಸಿಕೊಳ್ಳಲು ನೆರವು. ಜನರ ಕೈಗೆ ಹಣ ಹಂಚಿದರು ಎಂದು ಯಾರಾದರೂ ಬರೆದರೆ ಅದನ್ನು ನಂಬಬೇಡಿ.

ಹಾಗಾದರೆ ಜನ ಯಾಕೆ ಉಳಿಸಿದರು? ಆ ಪ್ರಶ್ನೆಗೆ ಹೋಗುವ ಮೊದಲು ಇನ್ನೊಂದು ಪ್ರಶ್ನೆ ಇದೆ.

ಉಳಿಸಿದರು ಎಂದು ಗೊತ್ತಾಗುವುದು ಹೇಗೆ?

ಕಳೆದ ವರ್ಷದ ಬಿಲ್‌ನಿಂದ ಈ ವರ್ಷದ್ದನ್ನು ಕಳೆದರೆ ಆಯಿತಲ್ಲ ಎನ್ನಬಹುದು. ಅಷ್ಟು ಸುಲಭವಿಲ್ಲ. 2014ರ ಜನವರಿಯಲ್ಲಿ ಧ್ರುವಪ್ರದೇಶದ ಚಳಿಗಾಳಿ ಇಳಿದು ಅಮೆರಿಕದ ಬಹುಭಾಗ ಮರಗಟ್ಟಿತ್ತು. 2015-16ರ ಚಳಿಗಾಲವಾದರೋ, ಅಲ್ಲಿಯವರೆಗೆ ಆ ದೇಶದಲ್ಲಿ ದಾಖಲಾದ ಅತಿ ಬೆಚ್ಚನೆಯ ಚಳಿಗಾಲ. ಯಾರೂ ಏನೂ ಮಾಡದಿದ್ದರೂ ಹೀಟರ್ ಕಡಿಮೆ ಉರಿಯುತ್ತದೆ, ಬಿಲ್ ಇಳಿಯುತ್ತದೆ. ಬರೀ ಮೀಟರ್ ನೋಡಿದರೆ ಉಳಿತಾಯದ ಹೆಸರು ಜನರಿಗೆ, ಕೆಲಸ ಹವೆಯದ್ದು.

ಇದನ್ನು ಸರಿಪಡಿಸಲು ‘ಡಿಗ್ರಿ-ದಿನ’ ಎಂಬ ಲೆಕ್ಕವಿದೆ. ಹೊರಗಿನ ಸರಾಸರಿ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಕೆಳಗಿದೆಯೋ ಅದು ಆ ದಿನದ ಅಂಕ. ಸರಾಸರಿ 8 ಡಿಗ್ರಿ ಇದ್ದ ದಿನಕ್ಕೆ 10 ಅಂಕ. ಇಡೀ ಚಳಿಗಾಲದ ಅಂಕ ಕೂಡಿಸಿ, ಒಂದು ಅಂಕಕ್ಕೆ ಎಷ್ಟು ಶಕ್ತಿ ಖರ್ಚಾಯಿತು ಎಂದು ನೋಡಿದರೆ ಬೆಚ್ಚನೆಯ ವರ್ಷವನ್ನೂ ಕೊರೆಯುವ ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. ಬೇಸಿಗೆಯ ಎಸಿ ಬಳಕೆಗೂ ಇದೇ ಲೆಕ್ಕ, ತಿರುಗಿಸಿ ಹಾಕಬೇಕು ಅಷ್ಟೆ.

ಸ್ಥಳೀಯ ಆಡಳಿತ ಇಲ್ಲಿ ಬೇಕೇಬೇಕು. ಪಕ್ಕದ ಮನೆಯ ಬಿಲ್ ನಿಮಗೆ ತೋರಿಸುವ ಹಕ್ಕು ವಿದ್ಯುತ್ ಕಂಪನಿಗಿಲ್ಲ, ಇರಲೂಬಾರದು. ಆದರೆ ಇಡೀ ಊರಿನ ಒಟ್ಟು ಬಳಕೆಯನ್ನು ಹೆಸರಿಲ್ಲದೆ ಕೊಡಬಹುದು. ಅದನ್ನು ಕೇಳಿ ಪಡೆಯುವ ಅಧಿಕಾರ, ವರ್ಷಗಟ್ಟಲೆ ಜೋಪಾನ ಮಾಡುವ ವ್ಯವಸ್ಥೆ ಒಂದು ಯುವಕ ಸಂಘಕ್ಕೋ ಮಹಿಳಾ ಮಂಡಳಿಗೋ ಎಲ್ಲಿಂದ ಬರಬೇಕು? ಫಾರ್ಗೊದಲ್ಲಂತೂ ವಿದ್ಯುತ್ ಪೂರೈಸುವವರೇ ಇಬ್ಬರು: ಎಕ್ಸೆಲ್ ಎನರ್ಜಿ ಎಂಬ ಕಂಪನಿ, ಕ್ಯಾಸ್ ಕೌಂಟಿ ಎಲೆಕ್ಟ್ರಿಕ್ ಎಂಬ ಸಹಕಾರಿ ಸಂಘ. ನಗರಾಡಳಿತ ಮತ್ತು ನಾರ್ತ್ ಡಕೋಟಾ ಸ್ಟೇಟ್ ಯೂನಿವರ್ಸಿಟಿ ಈ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ‘ಇಫಾರ್ಗೊ’ ಎಂಬ ಕಾರ್ಯಕ್ರಮ ನಡೆಸಿದವು. ಶಾಲೆ ಶಾಲೆಗಳ ನಡುವೆ ಪೈಪೋಟಿ ಇಟ್ಟರು, ಕರೆಂಟ್ ಪೋಲು ಮಾಡುವ ಒಬ್ಬ ಖಳನನ್ನು ಮಣಿಸುವ ಆನ್‌ಲೈನ್ ಆಟವನ್ನೂ ಮಾಡಿದರು. ಮಕ್ಕಳು ಹಿಡಿದ ಹಟಕ್ಕೆ ಅಪ್ಪ ಸ್ವಿಚ್ ಆರಿಸದೆ ಇರುತ್ತಾನೆಯೇ?

ಪೈಪೋಟಿಯಿಂದ ಬಿಲ್ ಇಳಿಯುತ್ತದೆಯೇ?

ಇಳಿಯುತ್ತದೆ. ಎಷ್ಟು ಎನ್ನುವುದರಲ್ಲೇ ಎಲ್ಲಾ ಗೊಂದಲ.

ಓಹಾಯೊದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಹಾಸ್ಟೆಲ್‌ಗಳ ನಡುವೆ ಎರಡು ವಾರದ ಸ್ಪರ್ಧೆ ನಡೆಯಿತು. ವಿದ್ಯುತ್ ಬಳಕೆ ಒಟ್ಟಾರೆ ಶೇ 32 ಇಳಿಯಿತು. ಬಳಕೆಯನ್ನು ಆ ಕ್ಷಣಕ್ಕೇ ಪರದೆಯ ಮೇಲೆ ತೋರಿಸಿದ ಹಾಸ್ಟೆಲ್‌ಗಳಲ್ಲಿ ಶೇ 55! ಇಂಥ ಅಂಕಿ ಫಾರ್ವರ್ಡ್ ಆಗಲು ಹೇಳಿ ಮಾಡಿಸಿದ್ದು. ಆದರೆ ಎರಡು ವಾರ ಹುಮ್ಮಸ್ಸಿನಲ್ಲಿ ಕತ್ತಲಲ್ಲಿ ಕೂರುವುದು ಬೇರೆ, ಅಜ್ಜಿ-ಮೊಮ್ಮಕ್ಕಳಿರುವ ಮನೆಯಲ್ಲಿ ವರ್ಷವಿಡೀ ನಡೆಸುವುದು ಬೇರೆ. ಹಾಸ್ಟೆಲ್ ಹುಡುಗರಿಗೆ ಬಿಲ್ ಕಟ್ಟುವ ಚಿಂತೆಯೂ ಇರಲಿಲ್ಲ ನೋಡಿ.

ಸಾಮಾನ್ಯ ಮನೆಗಳ ಲೆಕ್ಕ ತುಂಬಾ ಸಣ್ಣದು. ‘ನಿಮ್ಮಂಥ ಅಕ್ಕಪಕ್ಕದ ಮನೆಗಳು ಇಷ್ಟು ಬಳಸಿವೆ, ನೀವು ಇಷ್ಟು’ ಎಂಬ ವರದಿಯನ್ನು ಓಪವರ್ ಎಂಬ ಸಂಸ್ಥೆ ಅಮೆರಿಕದ ಮನೆಗಳಿಗೆ ಕಳಿಸುತ್ತಿತ್ತು. ಸುಮಾರು 6 ಲಕ್ಷ ಮನೆಗಳ ಪ್ರಯೋಗವನ್ನು ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ ವಿಶ್ಲೇಷಿಸಿದಾಗ ಕಂಡ ಸರಾಸರಿ ಇಳಿಕೆ ಶೇ 2. ಕಡಿಮೆ ಅನ್ನಿಸಿತೇ? ಒಂದು ಕಾಗದ ಕಳಿಸಿದ್ದು ಬಿಟ್ಟರೆ ಬೇರೇನೂ ಖರ್ಚಿಲ್ಲದೆ, ಲಕ್ಷಾಂತರ ಮನೆಗಳಲ್ಲಿ ಶೇ 2 ಎಂದರೆ ಸಣ್ಣದೇನಲ್ಲ. ಆದರೆ ಈ ಅಂಕಿ ನೆನಪಿಟ್ಟುಕೊಳ್ಳಿ. ಸಾಕೆಟ್‌ಗೆ ಸಿಕ್ಕಿಸುವ ‘ಪವರ್ ಸೇವರ್’ ಡಬ್ಬಿ ಬಿಲ್ಲನ್ನು ಅರ್ಧ ಮಾಡುತ್ತದೆ ಎಂಬ ಮೆಸೇಜ್ ಬಂದಾಗ ಕೆಲಸಕ್ಕೆ ಬರುತ್ತದೆ. ಮನೆಯ ಮೀಟರ್ ಎಣಿಸುವುದು ಯೂನಿಟ್ಟನ್ನು, ಅಂದರೆ ಕಿಲೋವ್ಯಾಟ್-ಅವರ್. ಆ ಡಬ್ಬಿಯೊಳಗಿನ ಕೆಪಾಸಿಟರ್‌ಗೆ ಫ್ರಿಜ್, ಗೀಸರ್‌ಗಳ ಯೂನಿಟ್ ಇಳಿಸುವ ಶಕ್ತಿ ಇಲ್ಲ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಸುಮಾರು 290 ಮನೆಗಳ ಬಾಗಿಲಿಗೆ ಸಂಶೋಧಕರು ಚೀಟಿ ತೂಗುಹಾಕಿದರು: ನಿಮ್ಮ ಬಳಕೆ ಇಷ್ಟು, ನಿಮ್ಮ ಕೇರಿಯ ಸರಾಸರಿ ಇಷ್ಟು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು. ಕಡಿಮೆ ಬಳಸುತ್ತಿದ್ದವರು ‘ಓಹೋ, ನಾವೇ ಸುಮ್ಮನೆ ಕಷ್ಟಪಡುತ್ತಿದ್ದೇವೆ’ ಎಂಬಂತೆ ಏರಿಸಿಬಿಟ್ಟರು! ಕೆಲವು ಚೀಟಿಗಳಲ್ಲಿ ಕಡಿಮೆ ಬಳಸಿದವರಿಗೆ ಒಂದು ನಗುಮುಖದ ಚಿತ್ರ ಬರೆದಿದ್ದರು. ಆ ಮನೆಗಳಲ್ಲಿ ಬಳಕೆ ಏರಲಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು. ನಾವು ದಿನಕ್ಕೆ ನೂರು ಬಾರಿ ಒತ್ತುವ ಸ್ಮೈಲಿಗೆ ಅಷ್ಟು ಬೆಲೆ. ಅದೇ ಊರಿನ ಇನ್ನೊಂದು ಅಧ್ಯಯನದಲ್ಲಿ, ಹಣ ಉಳಿಯುತ್ತದೆ, ಪರಿಸರ ಉಳಿಯುತ್ತದೆ ಎಂಬ ಮಾತುಗಳಿಗಿಂತ ‘ನಿಮ್ಮ ನೆರೆಯವರು ಉಳಿಸುತ್ತಿದ್ದಾರೆ’ ಎಂಬ ಮಾತೇ ಹೆಚ್ಚು ಕೆಲಸ ಮಾಡಿತ್ತು.

ನಮ್ಮ ಬಿಲ್‌ಗೆ ಬಂದರೆ

ಗೃಹಜ್ಯೋತಿ ಬಿಲ್ ನೋಡಿದವರಿಗೆ ‘ಹಳೆಯ ಬಳಕೆಗೆ ಹೋಲಿಸುವುದು’ ಹೊಸದೇನಲ್ಲ. 200 ಯೂನಿಟ್‌ವರೆಗೆ ಉಚಿತ ಎಂದು ಬಾಯಿಮಾತಿಗೆ ಹೇಳಿದರೂ, 2023ರಲ್ಲಿ ಯೋಜನೆ ಬಂದಾಗ ಮನೆಮನೆಗೂ ಮಿತಿ ಬೇರೆ ಬೇರೆ ಇತ್ತು: 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು. ಮಿತಿಯೊಳಗಿನ ಮನೆಗೆ ಬಿಲ್ ಸೊನ್ನೆ. ಇನ್ನೂ 20 ಯೂನಿಟ್ ಇಳಿಸಿದರೂ ಸೊನ್ನೆಯೇ. ಹಣದ ಆಸೆ ತೋರಿಸಿ ಅವರಿಂದ ಉಳಿಸುವುದು ಕಷ್ಟ. ನೆರೆಹೊರೆಯ ಪೈಪೋಟಿ, ಪಂಚಾಯಿತಿಯೋ ಪುರಸಭೆಯೋ ಎಲ್ಲರೆದುರು ಹೇಳುವ ಒಂದು ಶಹಬ್ಬಾಸ್, ಇವಕ್ಕೆ ಇಲ್ಲೇ ಹೆಚ್ಚು ಜಾಗವಿದೆ ಎನ್ನುವುದು ನನ್ನ ಅಂದಾಜು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ವಾರ್ಡಿನಲ್ಲೋ ಯಾರಾದರೂ ಇಂಥ ಸ್ಪರ್ಧೆ ಶುರು ಮಾಡಿದರೆ, ಹೋದ ತಿಂಗಳ ಬಿಲ್‌ಗೆ ಈ ತಿಂಗಳದ್ದನ್ನು ಹೋಲಿಸಲು ಬಿಡಬೇಡಿ. ಮೇ ತಿಂಗಳ ಫ್ಯಾನಿಗೂ ಜುಲೈ ಮಳೆಗೂ ಏನು ಹೋಲಿಕೆ? ಹೋದ ವರ್ಷದ ಅದೇ ತಿಂಗಳ ಬಿಲ್ ಹುಡುಕಿ, ಯೂನಿಟ್ಟನ್ನು ಬಿಲ್ಲಿನ ದಿನಗಳಿಂದ ಭಾಗಿಸಿ. ಮೀಟರ್ ಓದುವವರು ಒಮ್ಮೆ 28 ದಿನಕ್ಕೆ ಬಂದರೆ ಇನ್ನೊಮ್ಮೆ 33 ದಿನಕ್ಕೆ ಬರುತ್ತಾರೆ. ಆ ಐದು ದಿನದ ವ್ಯತ್ಯಾಸವೇ ಮೇಲೆ ಹೇಳಿದ ಶೇ 2ನ್ನು ನುಂಗಿ ನೀರು ಕುಡಿಯುತ್ತದೆ.